ನಿಯಮ ತಪ್ಪದ ಕ್ರಿಯಾಪದ

ಜಾರ್ರೆ ಊರು, ಮೂರನೆಯ ಮಹಡಿ, ಅಡುಗೆಮನೆಯ ಮೇಜು.
ನಿಂಬೆಹಣ್ಣಿನ ಚಿತ್ರದ ಮೇಣಗಪ್ಪಡದ ಮೇಲೆ
ಜೂಸಿ ಸ್ಕೇಲಿಟ್ಟು ಗೆರೆ ಎಳೆಯುತ್ತಾಳೆ:
ನಾನು, ನೀನು, ಅವಳು, ನಾವು, ನೀವು, ಅವರು.
ಆರೇ ಸಾಲು. ಇಡೀ ಲೋಕದ ಜನಗಣತಿ ಮುಗಿಯಿತು.

ನಾಳೆಯ ಪಾಠ ಲವಾರೆ.
ಬಟ್ಟೆಯಾದರೆ ಒಗೆ, ಪಾತ್ರೆಯಾದರೆ ಬೆಳಗು,
ನೆಲವಾದರೆ ಸಾರಿಸು, ಕೂಸಾದರೆ ಮೀಯಿಸು,
ಹಿಂಬದಿಯ ಕೋಣೆಯ ಬಾಡಿಗೆಯವಳು ನಾನು,
ನನ್ನ ನುಡಿಗೆ ಹತ್ತಾರು ಕೈ.
ಇಲ್ಲಿ ಎಲ್ಲಕ್ಕೂ ಅದೊಂದೇ, ಲವಾರೆ.
ನಿಯಮ ತಪ್ಪದ ಪದವಂತೆ, ಮೇಡಂ ಹೇಳಿದ್ದಾರೆ,
ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದರೆ ಸಾಕು.

ಲಾವೋ, ಲಾವಿ, ಲಾವಾ.
ಮೂರನೆಯದಕ್ಕೆ ಪೆನ್ಸಿಲು ನಿಂತಿತು.
ಅವಳು ತೊಳೆಯುತ್ತಾಳೆ ಎಂಬುದಕ್ಕೂ
ಕಿಟಕಿಯಾಚೆ ಬೆಟ್ಟ ಕಾರುವುದಕ್ಕೂ
ಅವೇ ನಾಲ್ಕು ಅಕ್ಷರ.
ನಿನ್ನೆ ರಾತ್ರಿಯೆಲ್ಲ ಕೆಮ್ಮಿದೆ ಬೆಟ್ಟ,
ಬಾಲ್ಕನಿ ತುಂಬ ಕರಿ ಮರಳು, ರಾಗಿಕಾಳಿನಷ್ಟು,
ಹಗ್ಗದ ಮೇಲಿನ ದುಪ್ಪಟಿಗಳ ಮೇಲೂ.

"ಯಾವಾಗ ಒಗೆದೆ ಇದನ್ನ, ನೊನ್ನಾ?"
"ಲವಾಯಿ," ಎನ್ನುತ್ತಾಳೆ ವೆನೆರಾ ಅಜ್ಜಿ.
ದುಪ್ಪಟಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ.
"ತಪ್ಪು! ಅದು ದೂರದ ಭೂತ,
ರಾಜರು ಸತ್ತದ್ದಕ್ಕೆ, ಕೋಟೆ ಬಿದ್ದದ್ದಕ್ಕೆ.
ಈಗ ತಾನೇ ಆದದ್ದಕ್ಕೆ ಓ ಲವಾತೊ ಅನ್ನಬೇಕು."
ಓ ಎಂದರೆ ನನ್ನ ಬಳಿ ಇದೆ ಎಂದು:
ತೊಳೆದದ್ದನ್ನು ಜೇಬಲ್ಲಿಟ್ಟುಕೊಂಡ ಹಾಗೆ.
ಅಜ್ಜಿಗೆ ಜೇಬಿಲ್ಲ. ಬೆಳಗಿನ ಕಾಫಿಯೂ
ಅವಳ ಬಾಯಲ್ಲಿ ರಾಜರ ಜೊತೆಗೇ ಹೋಯಿತು.

"ಭವಿಷ್ಯತ್ತು ಹೇಳು." "ದೊಮಾನಿ ಲಾವೋ."
ನಾಳೆ ಒಗೆಯುತ್ತೇನೆ. ಅಷ್ಟೇ.
ಕೊನೆಯಕ್ಷರಕ್ಕೆ ಒತ್ತು ಕೊಟ್ಟು, ಮೆಟ್ಟಿಲು ಹತ್ತಿದಂತೆ,
ಲವೆರೊ ಎನ್ನುವ ಆ ಕೋಣೆ
ಅವಳ ಆಡುಮಾತಿನ ಮನೆಯಲ್ಲಿ ಕಟ್ಟಿಯೇ ಇಲ್ಲ.
ನಾನು ಒಳಗೊಳಗೇ ನಗುತ್ತೇನೆ:
ಒಗೆಯುತ್ತೇನೆ ಎಂದೇ ನಾನೂ
ಎಷ್ಟು ನಾಳೆಗಳನ್ನು ಮುಂದೂಡಿಲ್ಲ!

ಆಜ್ಞೆಯ ಪಟ್ಟಿಯಲ್ಲಿ ಮೊದಲ ಸಾಲು ಖಾಲಿ.
ತನಗೆ ತಾನೇ ಅಪ್ಪಣೆ ಕೊಡಲು ಬರುವುದಿಲ್ಲವಂತೆ, ವ್ಯಾಕರಣದಲ್ಲಿ.
ಐದು ಗಂಟೆಗೆ ಏಳು, ನೀರು ಕಾಯಿಸು, ಸೋಪು ಹಚ್ಚು,
ಇದನ್ನೆಲ್ಲ ಅಜ್ಜಿಗೆ ಯಾರು ಹೇಳಿದರೋ.

ಆಮೇಲೆ ಸಂದೇಹದ ರೂಪ, ಎಲ್ಲರಿಗೂ ಕಷ್ಟ.
ನಾನು ಲಾವಿ, ನೀನು ಲಾವಿ, ಅವಳೂ ಲಾವಿ,
ಅನುಮಾನದ ಮುಂದೆ ಮೂವರಿಗೂ ಒಂದೇ ಮುಖ.
ನನಗೆ ಮಾತ್ರ ಇದು ಸಲೀಸು:
ತೊಳೆದೇನು, ತೊಳೆದಾಳು, ತೊಳೆದೀತು ಮಳೆ.
ಇಂಥದ್ದೊಂದು ಅಳುಕನ್ನು ನಾನು ತವರಿಂದಲೇ ತಂದಿದ್ದೆ,
ಹೆಸರು ಮರೆತಿದ್ದೆ.

"ಒಂದು ವಾಕ್ಯ ಬೇಕು ನೊನ್ನಾ, ಉದಾಹರಣೆಗೆ."
ಅಜ್ಜಿ ಒದ್ದೆ ದುಪ್ಪಟಿಯ ಒಂದು ತುದಿ ನನ್ನ ಕೈಗಿತ್ತಳು,
ಹಿಂಡುತ್ತ ಹೇಳಿದಳು:
"ಸಾರೊ ಹೋದ ದಿನ ಅಂಗಡಿಯವರು ಬಂದರು,
ಕೈಗವಸು ಹಾಕಿಕೊಂಡು, ಇಬ್ಬರು ಹುಡುಗರು.
ಹೊರಗೆ ಕೂತಿರಿ ಅಂದೆ.
ಕಿವಿಯ ಹಿಂದೆ ಇತ್ತು ಬೆಟ್ಟದ ಮರಳು.
ಲವಾಯಿ."

ಒಂಬತ್ತು ವರ್ಷದ ಹಿಂದಿನ ಮಾತು.
ಪುಸ್ತಕದ ಲೆಕ್ಕಕ್ಕೆ ಈ ಸಲ ಕಾಲ ಸರಿಯಾಗಿದೆ:
ದೂರದ್ದು, ಮುಗಿದದ್ದು, ಇಂದಿಗೆ ನಂಟಿಲ್ಲದ್ದು.
ಜೂಸಿ ರಬ್ಬರು ಕೈಗೆತ್ತಿಕೊಂಡಳು,
ಅಳಿಸಲು ಏನೂ ಸಿಗದೆ ಕೆಳಗಿಟ್ಟಳು.

ದುಪ್ಪಟಿಯ ನೀರು ಬೂದುಬಣ್ಣಕ್ಕೆ ಸುರಿಯಿತು.
ಬೆಟ್ಟ ಮತ್ತೆ ಕೆಮ್ಮಿತು, ಹತ್ತಿರದಿಂದ.
ತೆರೆದ ನೋಟುಪುಸ್ತಕದಲ್ಲಿ
ಆಜ್ಞೆಯ ಆ ಖಾಲಿ ಮನೆಯೊಳಗೆ
ಎಲ್ಲಿಂದಲೋ ಬಂದು ಕೂತಿದೆ ಒಂದು ಕರಿ ಕಾಳು.
ಊದಿದರೆ ಹೋಗದು, ಒರೆಸಿದರೆ ಗೀಟಾಗುತ್ತದೆ.

"ಬಿಡೇ," ಎಂದಳು ಅಜ್ಜಿ, ಬಕೆಟ್ಟು ಎತ್ತುತ್ತ,
"ಮೇಡಂ ಕೇಳಿದರೆ ಬೆಟ್ಟ ಬರೆದದ್ದು ಅನ್ನು."